ಬೀದಿಯಲ್ಲೇ ಹೇಳಲಿ

ಜುಲೈ 9, ಮಂಗಳವಾರ. ಬೆಳಿಗ್ಗೆ

ಅತ್ತೆ ಮತ್ತೆ ಅವನ ಮಗ್ಗ ಒರೆಸಿದರು. ನನ್ನ ಮಗ್ಗದ ಮೇಲಿನ ಧೂಳು ಅವರಿಗೆ ಕಾಣೋದಿಲ್ಲ. ನನ್ನ ಗಂಡ ತಿಮ್ಮರಾಜು ಇನ್ನೊಬ್ಬಳ ಜೊತೆ ಹರೂರಿಗೆ ಓಡಿಹೋಗಿ ಆರು ವರ್ಷ. ಅವನ ಮಗ್ಗಕ್ಕೆ ದಿನಾ ಊದುಬತ್ತಿ!

ಹಳೇ ಪಾವಿನ, ಅಂದರೆ ಉದ್ದೆಳೆಗಳ ಹಾಸಿನ, ತುದಿ ಇನ್ನೂ ಅದರಲ್ಲೇ ಇದೆ. ನೇಯ್ದ ರೇಷ್ಮೆ ಪಂಚೆ ಕೊಯ್ದ ಮೇಲೂ ಎಳೆಗಳ ತುದಿಯನ್ನು ಮಗ್ಗದ ಅಚ್ಚಿನ ಹಲ್ಲುಗಳಲ್ಲೇ ಬಿಡುತ್ತೇವೆ. ಹೊಸ ಪಾವಿನ ಎಳೆಗಳನ್ನು ಬೂದಿ ಮುಟ್ಟಿಸಿ ಅದಕ್ಕೇ ಹೊಸೆಯೋದು. ತುದಿ ಕತ್ತರಿಸಿದರೆ ಆ ನೇಕಾರ ಇನ್ನು ಬರೋಲ್ಲ ಅಂತ ಲೆಕ್ಕ. ಎಷ್ಟು ಸಲ ಕತ್ತರಿ ತಗೊಂಡೆನೋ. ಅತ್ತೆ ಅಡ್ಡ ಬರ್ತಾರೆ.

ಇವತ್ತು ಅವನ ಫೋನ್ ಬಂತು. ಅವಳು ಆಚೆ ಹಾಕಿದಳಂತೆ. ಬರ್ತಾನಂತೆ.

"ಬರ್ಲಿ ಬುಡು ಮಾಲತಿ, ಬಾಗ್ಲು ತೆಗ್ದೇ ಐತೆ" ಅಂದರು ಅತ್ತೆ.

ಬಾಗಿಲು ಯಾರ ದುಡಿಮೆಯ ಮೇಲೆ ನಿಂತಿದೆ? ಕೇಳಲಿಲ್ಲ. ಇಲ್ಲಿ ಬರೀತೀನಿ. ಈ ತಮಿಳು ಸೀಮೆಯ ಮನೆಯಲ್ಲಿ ಕನ್ನಡ ಓದೋಕೆ ಬರೋದು ನನಗೊಬ್ಬಳಿಗೇ — ಹೊಸೂರಿನ ಕನ್ನಡ ಸ್ಕೂಲಿನ ಪುಣ್ಯ.

ಜುಲೈ 11, ಗುರುವಾರ

ಪಕ್ಕದ ಮನೆ ನರ್ಸ್ ಕಲೈವಾಣಿ ಸಮಾಧಾನ ಹೇಳೋಕೆ ಬಂದಳು. ಚರ್ಚಿಗೆ ಹೋಗೋಳು. ಓಸಿಯಾ ಅಂತ ಒಬ್ಬ ಪ್ರವಾದಿಯ ಕಥೆ ಹೇಳಿದಳು. ಹೆಂಡತಿ ಬೇರೆಯವರ ಹಿಂದೆ ಹೋದಳು. ದೇವರು ಹೇಳಿದ, ಹೋಗಿ ಕರ್ಕೊಂಡು ಬಾ ಅಂತ. ಕರ್ಕೊಂಡು ಬಂದ. ತನ್ನನ್ನು ಬಿಟ್ಟುಹೋದ ಜನರನ್ನು ದೇವರೂ ಹಾಗೇ ಪ್ರೀತಿಸ್ತಾನಂತೆ. "ವಿಡಮಾಟ್ಟಾರ್ ಅಕ್ಕಾ." ಬಿಡೋದೇ ಇಲ್ಲವಂತೆ.

ಮೈ ಉರಿಯಿತು. ಕಥೆಯಲ್ಲಿ ಓಡಿಹೋದವಳು ಹೆಣ್ಣು, ಕ್ಷಮಿಸಿದ ದೊಡ್ಡವನು ಗಂಡು. ಆ ಪ್ರವಾದಿ ನಮ್ಮ ಅಮ್ಮಾಪೇಟೆ ಬೀದಿಗೆ ಬರಲಿ. ತಿಮ್ಮರಾಜು ತಾನು ಓಡಿಹೋಗೋ ಮುಂಚೆ ನನ್ನ ಮೇಲೇ ಸುಳ್ಳು ಹಬ್ಬಿಸಿದ — ನೂಲಿಗೆ ಬಣ್ಣ ಹಾಕುವವನ ಜೊತೆ ನನಗೆ ಸಂಬಂಧ ಅಂತ. ಬೀದಿ ನಂಬಿತು. ಪಾವನ್ನು ಬೀದಿಯುದ್ದ ಬಿಚ್ಚಿ ಹಾಸೋ ದಿನ ಮನೆಗೊಬ್ಬರು ಬಂದು ಕೈ ಹಿಡಿಯೋದು ಪದ್ಧತಿ. ಅವತ್ತಿಂದ ನನ್ನ ಪಾವಿಗೆ ಒಂದು ನರಪಿಳ್ಳೆ ಬಂದಿಲ್ಲ. ನಾನೊಂದು ಕಡೆ, ಮುದುಕಿ ಅತ್ತೆ ಇನ್ನೊಂದು ಕಡೆ.

ಜುಲೈ 14, ಭಾನುವಾರ

ಕಲೈವಾಣಿಯ ತಮಿಳು ಬೈಬಲ್ ಪುಸ್ತಕ ಇಸ್ಕೊಂಡು ಓದಿದೆ. ಪಲ್ಯ ಸೀದುಹೋಯಿತು.

ಕಲೈವಾಣಿ ಅರ್ಧ ಹೇಳಿದ್ದಾಳೆ! ಈ ಪ್ರವಾದಿಗಳು ಎಂಥಾ ಬೈಗುಳ ಬೈತಾರೆ! ನಿಮ್ಮ ಹಬ್ಬ ಬೇಡ, ಬಲಿ ಬೇಡ, ಮೊದಲು ನ್ಯಾಯ ಮಾಡಿ, ತಿರುಗಿ ಬನ್ನಿ ಅಂತ ಊರಿಗೂರನ್ನೇ ಜಾಡಿಸ್ತಾರೆ. ಬೈದು ಬೈದು ಕೊನೆಗೆ ದೇವರೇ ಕೇಳ್ತಾನೆ, ಹೇಗೆ ಬಿಡಲಿ ನಿನ್ನ, ಅಂತ.

ಆ ಕೊನೆಯದು ನನಗೆ ಬೇಡ. ಬೈಗುಳವಷ್ಟೇ ಸಾಕು.

ಜುಲೈ 21, ಭಾನುವಾರ

ಬಂದ. ತಲೆ ಬೋಳಿಸಿಕೊಂಡು! ಮಾರಿಯಮ್ಮನಿಗೆ ಮುಡಿ ಕೊಟ್ಟು ಬಂದಿದ್ದಾನೆ. ಇಳಿದುಹೋಗಿದ್ದಾನೆ... ಅದನ್ನ ಯಾಕೆ ನೋಡಿದೆನೋ.

ಬೀದಿಯ ಯಜಮಾನ ಸುಬ್ಬರಾಯನ್ ಪಂಚಾಯ್ತಿ ಕೂಡಿಸಿದರು. "ಮುಡಿ ಕೊಟ್ಟವ್ನೆ. ಚೌಡೇಶ್ವರಿಗೊಂದು ಅಭಿಷೇಕ ಮಾಡ್ಸಿ, ಬೀದಿಗೆ ಊಟ ಆಕ್ಲಿ. ಸರಿಯಾಪೋಚ್ಚು, ಅಲ್ಲಿಗೆ ಮುಗೀತು. ಇನ್ನೇನಮ್ಮಾ?"

"ಮುಡಿ ದೇವರಿಗೆ ಕೊಟ್ಟ. ನನಗೇನು ಕೊಟ್ಟ?" ಅಂದೆ. "ಸುಳ್ಳು ಹೇಳಿದ್ದು ಬೀದಿಯಲ್ಲಿ. ನಿಜಾನೂ ಬೀದಿಯಲ್ಲೇ ಹೇಳಲಿ. ನನ್ನ ಪಾವು ಹಾಸೋ ದಿನ."

"ಎಣ್ಮಕ್ಳಿಗೆ ಇಷ್ಟು ಬಾಯಿ ಆಗದಮ್ಮಾ."

ಆಗುತ್ತೆ. ಆ ಪುಸ್ತಕದ ತುಂಬಾ ಇದೇ ಬಾಯಿ.

ಜುಲೈ 28, ಭಾನುವಾರ. ಪಾವು ಮುಗಿಸಿ ಬಂದು

ಬೆಳಕು ಹರಿಯೋ ಹೊತ್ತಿಗೆ ಪಾವು ಬಿಚ್ಚಿದೆವು. ಅತ್ತೆಯ ಕೈಯಿಂದ ಆ ಕಡೆ ತುದಿ ಅವನು ತಗೊಂಡ. ಬೀದಿಗೆ ಬೀದಿಯೇ ಜಗಲಿಗಳ ಮೇಲೆ ಕೂತು ನೋಡ್ತಿತ್ತು.

"ಹೇಳು, ಇಲ್ಲಾ ತುದಿ ಕೆಳಗಿಡು" ಅಂದೆ. ಕೆಳಗಿಟ್ಟರೆ ಅಷ್ಟೂ ರೇಷ್ಮೆ ಗೋಜಲು. ಆದರೂ ಅಂದೆ.

ನಿಂತ. ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಜಗಲಿಗಳ ಕಡೆ ತಿರುಗಿದ.

"ನಾ ಏಳಿದ್ದೆಲ್ಲಾ ಸುಳ್ಳು. ಇವಳ ಮೇಲೆ ಒಂದು ತಪ್ಪೂ ಇಲ್ಲ. ಆಸೆಬಿದ್ದು ಓಡೋದೋನು ನಾನು. ಓಗಕ್ಕೆ ಒಂದು ನೆಪ ಬೇಕಿತ್ತು, ಇವಳ ಮಾನ ತಗ್ದೆ." ಆಮೇಲೆ, ಯಾರೂ ಕೇಳದೇನೇ, "ಈಗ ಬಂದಿದ್ದೂ ಅವಳು ಓಡ್ಸಿದ್ಮೇಲೇನೇ."

ಸುಬ್ಬರಾಯನ್ ಆಕಾಶ ನೋಡಿದರು. ಮಳೆ ಇರಲಿಲ್ಲ.

ಒಬ್ಬೊಬ್ಬರೇ ಜಗಲಿ ಇಳಿದು ಬಂದು ಪಾವಿಗೆ ಕೈ ಹಾಕಿದರು. "ಇಷ್ಟು ದಿನ ಎಲ್ಲಿದ್ದವು ಈ ಕೈಗಳು? ಅವನೊಬ್ಬ ಸುಳ್ಳು ಹೇಳಿದ, ನೀವೆಲ್ಲಾ ನಂಬಿದಿರಿ!" ಕಿರುಚಿದೆ. ಯಾರೂ ಕೈ ತೆಗೆಯಲಿಲ್ಲ.

ಗೆದ್ದೆ. ಮನೆಗೆ ಬಂದು ಯಾಕೆ ಅಷ್ಟು ಅತ್ತುಬಿಟ್ಟೆ? ಆ ಓಸಿಯಾನ ದೇವರ ಮೇಲೂ ಸಿಟ್ಟು ಬಂತು. ಇಷ್ಟೆಲ್ಲಾ ಬೈದ ಮೇಲೂ ಮುಗಿಯದೇ ಉಳಿಯುತ್ತಲ್ಲ, ಈ 'ಹೇಗೆ ಬಿಡಲಿ' ಅನ್ನೋದನ್ನ ಯಾಕೆ ಇಟ್ಟೆಯಪ್ಪಾ ಮನುಷ್ಯರಲ್ಲಿ?

ಆಗಸ್ಟ್ 5, ಸೋಮವಾರ

ಜಗಲಿಯಲ್ಲೇ ಮಲಗ್ತಾನೆ. ಒಳಗೆ ಬಾ ಅಂತ ನಾನು ಹೇಳಿಲ್ಲ, ಅವನೂ ಕೇಳಿಲ್ಲ.

ನೆನ್ನೆ ಅಮಾವಾಸ್ಯೆ, ಮಗ್ಗಕ್ಕೆ ರಜಾ. ಇವತ್ತು ಬೆಳಿಗ್ಗೆ ಕತ್ತರಿ ತಗೊಂಡು ಅವನ ಮಗ್ಗದ ಕಾಲು ಇಳಿಬಿಡೋ ಕುಣಿಗೆ ಇಳಿದೆ. ಅತ್ತೆ ಈ ಸಲ ಅಡ್ಡ ಬರಲಿಲ್ಲ. "ನಿನ್ನಿಷ್ಟ ಕಣಮ್ಮಾ" ಅಂದು ಮುಖ ತಿರುಗಿಸಿದರು.

ಬೂದಿ ಬಟ್ಟಲು ತಗೊಂಡು ಅವನು ಬಂದು ಅಚ್ಚಿನ ಆ ಕಡೆ ಕೂತ.

"ಕ್ಷಮಿಸಿಲ್ಲ" ಅಂದೆ.

"ಗೊತ್ತು."

ಹೊಸ ಪಾವಿನ ಮೊದಲನೇ ಎಳೆ ಕೊಟ್ಟ. ಕತ್ತರಿ ಮಡಿಲಿಗೆ ಹಾಕಿಕೊಂಡು, ಅದನ್ನು ಹಳೇ ತುದಿಗೆ ಸೇರಿಸಿ ಹೊಸೆದೆ. ಕಿತ್ತು ಬಂತು. ಆರು ವರ್ಷದ ಧೂಳು ತಿಂದ ಎಳೆ, ಇನ್ನೇನಾಗುತ್ತೆ? ಬೂದಿ ಜಾಸ್ತಿ ಮುಟ್ಟಿಸಿಕೊಂಡು ಮತ್ತೆ ಹೊಸೆದೆ. ಹಿಡಿಯಿತು. ಇನ್ನೊಂದೂ ಹಿಡಿಯಿತು. ಬೆರಳಿಗೆ ಬೊಬ್ಬೆ ಬಂದು ಕುಣಿಯ ಅಂಚಿನಲ್ಲೇ ಕೂತಿದ್ದೇನೆ, ಅದಕ್ಕೇ ಇಷ್ಟು ಬರೆದೆ. ಅರ್ಧವೂ ಆಗಿಲ್ಲ.

ಅತ್ತೆ ಒಳಗಿಂದ ಕೂಗ್ತಿದ್ದಾರೆ, ಕತ್ತರಿ ಎಲ್ಲೇ ಅಂತ. ಇಲ್ಲೇ, ನನ್ನ ಮಡಿಲಲ್ಲೇ ಇದೆ. ಅವನಿಗೂ ಕಾಣ್ತಾ ಇದೆ. ಮುಂದಿನ ಎಳೆ ಹಿಡಿದುಕೊಂಡು ಕೂತಿದ್ದಾನೆ, ನಾನು ಕೈ ಚಾಚಲಿ ಅಂತ.