ಗೊಂಬೆಯ ಮುಖಕ್ಕೆ ಸುತ್ತಿದ ಕಾಗದ

ಕದಾ ಬಂದರು
ಮಾರ್ಚ್ ೩, ಮಧ್ಯಾಹ್ನ

ಮಗಳೇ ಚಿಸಾತೊ,

ಆರೋಗ್ಯವಾಗಿದ್ದೀಯಾ? ಹಕೊದಾತೆಯಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ. ಚಳಿಗೆ ನಿನ್ನ ಎಡಗಿವಿ ನೋಯುತ್ತಿತ್ತು, ಟೋಪಿ ಹಾಕಿಕೋ. ನಿನ್ನ ಗಂಡನೂ ಚೆನ್ನಾಗಿರಲಿ. ಈ ಮಾತು ಬರೆಯಲು ನನಗೆ ಒಂಬತ್ತು ವರ್ಷ ಹಿಡಿಯಿತು. ವಿಳಾಸ ಕೊಟ್ಟವಳು ನಿನ್ನ ತೋಕಿಕೊ ಅತ್ತೆ. "ಅತ್ತಿಗೆ, ಹಠ ಮಾಡಿದ್ದು ಸಾಕು. ಇನ್ನೂ ಒಂಬತ್ತು ವರ್ಷ ಆಯುಸ್ಸು ಬರೆಸ್ಕೊಂಡು ಬಂದಿದ್ದೀರಾ?" ಎಂದಳು. ಅವಳ ನಾಲಿಗೆ ನಿನಗೆ ಗೊತ್ತೇ ಇದೆ.

ಇವತ್ತು ಹೆಣ್ಣುಮಕ್ಕಳ ಗೊಂಬೆಹಬ್ಬ; ದೇವಸ್ಥಾನದವರು ಹಳೆಯ ಗೊಂಬೆಗಳ ಜೊತೆ ನಿನ್ನ ಗೊಂಬೆಗಳನ್ನೂ ದೋಣಿಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟರು. ಸಿಟ್ಟಾಗಬೇಡ. ನೀನು ಹೋದ ಮೇಲೆ ನಾನು ಒಂದು ವರ್ಷವೂ ಗೊಂಬೆ ಕೂರಿಸಲಿಲ್ಲ. ಮಗಳಿಲ್ಲದ ಮನೆಯಲ್ಲಿ ಯಾರಿಗಾಗಿ ಕೂರಿಸಲಿ? ನನಗೆ ಎಪ್ಪತ್ತೆರಡಾಯಿತು. ನಾನು ಸತ್ತ ಮೇಲೆ ಯಾರೋ ಅವನ್ನು ಕಸಕ್ಕೆ ಎಸೆಯುವುದು ಬೇಡವೆಂದು ಶುಕ್ರವಾರ ಪೆಟ್ಟಿಗೆಯನ್ನು ದೇವಸ್ಥಾನಕ್ಕೆ ಹೊತ್ತುಕೊಂಡು ಹೋದೆ.

ನೀನು ಹೋದ ವರ್ಷದ ಹಬ್ಬ ನಿನಗೆ ನೆನಪಿರಬೇಕು. ಮೂರನೇ ತಾರೀಖು ದಾಟಿ ಗೊಂಬೆ ಹೊರಗಿದ್ದರೆ ಮಗಳ ಮದುವೆ ತಡವಾಗುತ್ತದೆ ಎನ್ನುತ್ತಾರಲ್ಲ, ಅದಕ್ಕೇ ನಾನು ಬೇಕೆಂದೇ ಎತ್ತಿಡದೆ ಕೂತೆ. ಹೆಂಡತಿ ಬಿಟ್ಟ ಅಡುಗೆಯವನಿಗೆ ನಿನ್ನನ್ನು ಕೊಡಲು ನನಗೆ ಇಷ್ಟವಿರಲಿಲ್ಲ. ನೀನು ನಕ್ಕು, "ಗೊಂಬೆ ಕಾವಲು ಕೂತ್ರೆ ಮಗಳು ಉಳೀತಾಳೇನಮ್ಮ?" ಎಂದು ಸಂಜೆ ನೀನೇ ಎಲ್ಲವನ್ನೂ ಕಟ್ಟಿಟ್ಟೆ. ಮರುದಿನ ಬೆಳಿಗ್ಗೆ ನೀನು ಹೊರಟಾಗ ನಾನು, "ಈ ಹೊಸಿಲು ಮತ್ತೆ ತುಳೀಬೇಡ" ಎಂದೆ. ಆ ಮಾತು ಆಡಿದ ಬಾಯಿಯಲ್ಲೇ ಇವತ್ತಿಗೂ ಊಟ ಮಾಡುತ್ತಿದ್ದೇನೆ.

ದೇವಸ್ಥಾನದ ಹುಡುಗಿ ರಾಣಿಗೊಂಬೆಯ ಮುಖಕ್ಕೆ ಸುತ್ತಿದ್ದ ಕಾಗದ ಬಿಚ್ಚಿ, "ಅಜ್ಜಿ, ಇದರಲ್ಲಿ ಏನೋ ಬರೆದಿದೆ" ಎಂದಳು. ಮುಖಕ್ಕೆ ಸುತ್ತುವುದು ಮೆತ್ತನೆಯ ಬಿಳಿ ಕಾಗದ. ಇದು ಗೆರೆಯ ಕಾಗದ, ನಿನ್ನ ಅಕ್ಷರ. ಮೂರು ದಿನದಿಂದ ಅದು ನಿನ್ನ ಅಪ್ಪನ ಪಟದ ಮುಂದೆ ಮಡಚಿಯೇ ಇದೆ. ಬೈದು ಬರೆದಿದ್ದರೆ ಆಮೇಲೆ ನನಗೆ ಬರೆಯುವ ಧೈರ್ಯ ಬರುವುದಿಲ್ಲ. ಅದಕ್ಕೇ ಮೊದಲು ನನ್ನದು ಬರೆದು ಮುಗಿಸುತ್ತಿದ್ದೇನೆ.

ಹೆಂಗಸರೆಲ್ಲ ದೋಣಿಗೆ ಹೆಗಲು ಕೊಟ್ಟು ನೀರಿಗೆ ಇಳಿಸಿದರು. ನಾನೂ ಕೈ ಹಾಕಿದೆ. ನಿನ್ನ ರಾಣಿ ಒಂದು ಮೂಲೆಯಲ್ಲಿ ಯಾರದೋ ಗೊಂಬೆಗೆ ಒರಗಿ ಕೂತಿದ್ದಳು. ಕಾಣುವವರೆಗೂ ನೋಡಿದೆ. ಮನೆಗೆ ಬಂದು ಹಬ್ಬದ ಚಿಪ್ಪಿನ ಸಾರು ಮಾಡಿದೆ; ಅಭ್ಯಾಸಬಲ, ಎರಡು ಬಟ್ಟಲಿಗೆ ಬಡಿಸಿಬಿಟ್ಟೆ.

ತಪ್ಪು ನನ್ನದು, ಮಗಳೇ. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ,
ಸೊನೊಎ

ಮತ್ತೊಂದು ಮಾತು: ನಿನ್ನ ಕಾಗದ ಈಗ ಓದಿದೆ. "ಅಮ್ಮ, ಮುಂದಿನ ವರ್ಷ ಗೊಂಬೆ ಕೂರಿಸುವಾಗ ಇದು ನಿನ್ನ ಕೈಗೆ ಸಿಗುತ್ತೆ. ಅಷ್ಟರಲ್ಲಿ ಸಿಟ್ಟು ಇಳಿದಿದ್ರೆ ಒಂದು ಸಲ ಕರಿ, ಅವತ್ತೇ ಬರ್ತೀನಿ. ಕರೀದಿದ್ರೆ ನಾನು ಬೇಡ ಅಂತ ತಿಳ್ಕೋತೀನಿ" ಎಂದು ಬರೆದಿದ್ದೀಯಲ್ಲ. ನಾನು ಪೆಟ್ಟಿಗೆಯನ್ನೇ ತೆಗೆಯಲಿಲ್ಲ, ಚಿಸಾತೊ. ಒಂಬತ್ತು ವರ್ಷ ತೆಗೆಯಲಿಲ್ಲ. ಈಗ ಕರೆಯುತ್ತಿದ್ದೇನೆ, ಬಾ.