ಗೇಟಿನ ಬಳಿ ಉಳಿದ ಮಾತು

ನನ್ನ ಅಪ್ಪನಿಗೆ, ನಿಮ್ಮ ಮೇಮ್‌ಸಾಹೇಬಳ ನಮಸ್ಕಾರಗಳು.

ಮೂರು ಸಲ ಟ್ರಂಕ್ ಮುಚ್ಚಿ ಮೂರು ಸಲ ತೆರೆದೆ, ಅಪ್ಪಾ! ನಾಳೆ ನಾನು, ನಿಮ್ಮ ಅಳಿಯ ಜಪಾನಿಗೆ ಹೊರಟಿದ್ದೇವೆ. ಅವರಿಗೆ ಕೋಬೆಯಲ್ಲಿ ಅರಳೆ ಕಂಪನಿಯ ಕೆಲಸ ಸಿಕ್ಕಿದೆ. ಹಡಗು, ಸಮುದ್ರ, ನಾನು! ಕುಣಿದಾಡಬೇಕು ಅನ್ನಿಸುತ್ತದೆ, ಮರುಗಳಿಗೆಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾಕೆಂದು ನಿಮಗೆ ಗೊತ್ತಲ್ಲ?

ಹುಬ್ಬಳ್ಳಿಯ ನಿಮ್ಮ ಅಂಗಡಿ ನೆನಪಾಗುತ್ತಿದೆ. ಅರಳೆ ಕೊಳ್ಳಲು ಬರುತ್ತಿದ್ದ ಜಪಾನಿ ಸಾಹೇಬರಿಂದ ನಾಲ್ಕು ಮಾತು ಕಲಿತು, ಸಂಜೆ ನನಗೆ ಕಲಿಸುತ್ತಿದ್ದಿರಿ. ಇಂಗ್ಲಿಷ್ ಶಾಲೆಯ ನಾನು ಒಂದೊಂದು ಕೆಲಸಕ್ಕೂ ಒಂದೊಂದು 'ಆ್ಯಂಡ್' ಹುಡುಕುತ್ತಿದ್ದೆ. ನೀವು ಬೆರಳಲ್ಲಿ ಅರಳೆ ಹಿಂಜಿ ಎಳೆ ತೆಗೆಯುತ್ತ ಗದರಿದಿರಿ: "ಮೇಮ್‌ಸಾಬರ, ಮಾತಿಗೊಂದು ಗಂಟು ಯಾಕ ಹಾಕ್ತೀರಿ? ಎಳಿಗೆ ಎಳಿ ಕೂಡಿಸ್ಕೋತ ಹೋಗ್ರಿ, ಜಪಾನಿ ಮಾತೂ ನಮ್ಮಾಂಗನ ಐತಿ. ಎದ್ದು, ಮಾರಿ ತೊಳದು, ಚಹಾ ಕುಡದು, ಹೋದ್ನಿ. ಓಕಿತೆ, ಅರತ್ತೆ, ನೊಂದೆ, ಇತ್ತ. ಗಂಟು ಕಡೀಕ ಒಂದ!"

"ಚಹಾ ಕುಡದ್ರ ನೊಂದೆ ಅಂತಾರೇನ್ರಿ ಅಪ್ಪಾ? ಸಕ್ರಿ ಕಡಿಮಿ ಇತ್ತೇನು?" ಎಂದದ್ದಕ್ಕೆ ನೀವು ಕೆಮ್ಮು ಬರುವವರೆಗೆ ನಕ್ಕಿದ್ದಿರಿ.

ಆಮೇಲೆ ಆ ಮಧ್ಯಾಹ್ನ. ಮದುವೆಯಾಗಿ ಧಾರವಾಡಕ್ಕೆ ಹೊರಟಿದ್ದೆ. ಹೊಸ ಸೀರೆ, ಹೊಸ ಗಂಡ, ಬಾಡಿಗೆ ಮೋಟಾರು... ಕಾಲು ನೆಲದ ಮೇಲೆ ನಿಲ್ಲುತ್ತಿತ್ತೇ? ಕಿಟಕಿಯಿಂದ ಕರವಸ್ತ್ರ ಬೀಸಿ "ಗುಡ್ ಬೈ, ಅಪ್ಪಾ!" ಎಂದೆ. "ಹೋಗಿ ಬರ್ತೀನಿ ಅನ್ನು, ಹುಚ್ಚಿ!" ಎಂದು ಅವ್ವ ಕೂಗುತ್ತಿದ್ದಂತೆ ಮೋಟಾರು ತಿರುವು ದಾಟಿತು. ನೀವು ಗೇಟು ಹಿಡಿದು, ಬಾಯಿ ಅರ್ಧ ತೆರೆದು ನಿಂತಿದ್ದಿರಿ. ನಾನು ಆ ಮಾತು ಹೇಳಿದ್ದರೆ ತಾನೆ ನೀವು "ಹೋಗಿ ಬಾ" ಎನ್ನುವುದು! ತಿಂಗಳೊಳಗೆ ನೀವೇ... ನಿಮಗೆ ಆರಾಮಿಲ್ಲವೆಂಬ ಸುದ್ದಿ ಕೇಳಿ ಧಾರವಾಡದಿಂದ ಓಡಿಬಂದೆ. ಅರ್ಧ ದಾರಿಯಲ್ಲಿ, ರಾಯಾಪುರ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿನ್ನೆ ಇವರು ಪಾಠದ ಪುಸ್ತಕ ಹಿಡಿದು ಬಂದರು. "ಕೇಳಿಲ್ಲಿ, ಜಪಾನಿ ಮಂದಿ ಮನಿ ಬಿಡೂಮುಂದ ಏನಂತಾರ ಗೊತ್ತೇನು? ಇತ್ತೆ ಕಿಮಸು. ಹೋಗಿ ಬರ್ತೀನಿ!" ನಾನು ಅಡುಗೆಮನೆಗೆ ಓಡಿ ಅತ್ತುಬಿಟ್ಟೆ. ಪಾಪ, ಅವರು ಪುಸ್ತಕವನ್ನೇ ಮುಚ್ಚಿಟ್ಟರು. ಅಪ್ಪಾ, ಈ ಮಾತು ನಿಮಗೆ ಗೊತ್ತಿತ್ತೇ? ಇದನ್ನೂ ಮಗಳಿಗೆ ಹೇಳಿಕೊಡಬೇಕೇ ಎಂದು ಬಿಟ್ಟಿರೇ?

ನಾಳೆ ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗುವ ಮೊದಲು ನಮ್ಮ ಮನೆಯ ಗೇಟಿನ ಮುಂದೆ ಇಳಿಯುತ್ತೇನೆ. ಅವ್ವನಿಗೂ ಹೇಳಿಕಳಿಸಿದ್ದೇನೆ. ನೀವು ಹಿಡಿದಿದ್ದ ಸರಳನ್ನೇ ಹಿಡಿದು ಹೇಳುತ್ತೇನೆ, ಎರಡೂ ಭಾಷೆಯಲ್ಲಿ, ಪೂರ್ತಿ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಮೋಟಾರಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಈ ಸಲ ನಿಮ್ಮ ಮಾತು ಮುಗಿಯದೆ ನಾನು ಹತ್ತುವುದಿಲ್ಲ.