ಹೊನ್ನಿಯ ತೂಕ

ಗುಡೇಕೋಟೆ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ತಮ್ಮ ಮೌನೇಶನಿಗೆ ಅಕ್ಕನ ಆಶೀರ್ವಾದ.

ವಾರದಿಂದ ನಿನ್ನ ಫೋನಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿರುವಾಗ ಅಕ್ಕನಿಗೆ ಪತ್ರದ ಹುಚ್ಚೇಕೆ ಎಂದು ನಗಲೂ ಬೇಡ, ಕಾರಣವಿದೆ. ನಾವೆಲ್ಲ ಚೆನ್ನಾಗಿದ್ದೇವೆ. ಶೇಂಗಾಕ್ಕೆ ಹದವಾದ ಮಳೆ ಬಂತು. ನಿನ್ನ ಮಗಳು ಹೊನ್ನಿ ಎದ್ದು ಓಡಾಡುತ್ತಾಳೆ, ಮುಖದ ಬಾವು ಇಳಿದಿದೆ. ಮೂತ್ರಪಿಂಡ ಇನ್ನೂ ಸುಧಾರಿಸಬೇಕು, ಅಲ್ಲಿಯವರೆಗೆ ಆಟದ ಮಾತೇ ಬೇಡ ಎಂದು ಡಾಕ್ಟರು ಮತ್ತೆ ಹೇಳಿದರು.

ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಸೋಮವಾರ ಅವಳನ್ನು ಹೊಸಪೇಟೆಯ ಜಿಲ್ಲಾ ಕಬಡ್ಡಿಗೆ ಕರೆದೊಯ್ಯಲು ಬರಬೇಡ. ಬಂದರೂ ಕಳಿಸುವುದಿಲ್ಲ. "ಹೊರಗ ಕುಂತಿರ್ತಾಳ ಬಿಡಕ್ಕ, ಕ್ಯಾಪ್ಟನ್ ಇಲ್ಲಂದ್ರ ಟೀಮಿಗೆ ಧೈರ್ಯ ಇರಂಗಿಲ್ಲ" ಎಂದು ನೀನಂದೆ. ಪಿ.ಟಿ. ಮಾಸ್ತರೇ, ಪಂದ್ಯ ಕೈತಪ್ಪುವಾಗ ನೀವು ಅವಳನ್ನು ಹೊರಗೆ ಕೂರಲು ಬಿಡುವವರಲ್ಲ ಎಂಬುದು ಈ ಅಕ್ಕನಿಗೆ ಗೊತ್ತು.

ಕೂಡ್ಲಿಗಿಯ ತಾಲ್ಲೂಕು ಪಂದ್ಯದಲ್ಲಿ ನಡೆದದ್ದನ್ನು, ಹೊನ್ನಿಯನ್ನು ಇಲ್ಲಿ ತಂದು ಬಿಟ್ಟಾಗ ನಿನ್ನ ಹೆಂಡತಿ ಅಂಜಿನಕ್ಕ ಅತ್ತುಕೊಂಡೇ ಹೇಳಿದಳು. ಕಬಡ್ಡಿಗೂ ಮಕ್ಕಳ ತೂಕ ನೋಡುತ್ತಾರೆ, ಸ್ವಲ್ಪ ಹೆಚ್ಚಿದ್ದರೂ ಆಡಲು ಬಿಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ತೂಕ ಇಳಿಸಲೆಂದು ಹಿಂದಿನ ದಿನದಿಂದ ಹನಿ ನೀರು ಕೊಡದೆ, ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಓಡಿಸಿದೆಯಂತೆ. ಬಾಯಿಗೆ ಹುಣಸೆಹಣ್ಣು ಇಟ್ಟು, ಊರಿದ ಜೊಲ್ಲನ್ನೆಲ್ಲ ಉಗಿಸಿದೆಯಂತೆ. ಕೊನೆಯ ರೈಡು ಗೆದ್ದು ಬಂದವಳು ಗೆರೆಯ ಹತ್ತಿರವೇ ಬಿದ್ದಳು. ನೀನು ಕಪ್ಪು ಹಿಡಿದು ನಿಂತ ಫೋಟೋ ನನ್ನ ಫೋನಿಗೂ ಬಂದಿದೆ. ಹಿಂದೆ, ಬೇವಿನ ಮರದ ಕೆಳಗೆ ಎರಡು ಕಾಲು ಕಾಣುತ್ತವೆ. ಅವು ಯಾರವು ಎಂದು ನಿನಗೆ ತಿಳಿಯಲಿಲ್ಲವೇ?

ನಾವೂ ಆಡಿಯೇ ಬೆಳೆದವರು. ನೀನು ಸೋತು ಮುಖ ಊದಿಸಿಕೊಂಡು ಬಂದಾಗ ಅವ್ವ ಏನನ್ನೂ ಕೇಳದೆ ಮೊದಲು ಉಣ್ಣಲು ಕೂರಿಸುತ್ತಿದ್ದಳು. ಆ ಅವ್ವನ ಹೆಸರನ್ನೇ ನೀನು ಈ ಕೂಸಿಗೆ ಇಟ್ಟದ್ದು.

ಮೊನ್ನೆ ಸಂಜೆ ಓಣಿಯ ಮಕ್ಕಳು ಕಬಡ್ಡಿ ಆಡುವಾಗ ಹೊನ್ನಿಯನ್ನು ಕಲ್ಲಿನ ಮೇಲೆ ಕೂರಿಸಿ ಅಂಪೈರ್ ಮಾಡಿದರು. ನನ್ನ ಮಗ ಮಾರೇಶನನ್ನು ಎದುರಿನವನು ಮುಟ್ಟಿದ್ದು ಯಾರಿಗೂ ಕಾಣಲಿಲ್ಲ, ಇವಳಿಗೆ ಕಂಡಿತು. ಔಟ್ ಕೊಟ್ಟಳು. ಅವನ ಕಡೆಯವರು ಸೋತರು. ಅವನು ಇವಳ ಜಡೆ ಎಳೆದು, ಗೆದ್ದವರ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತ ಬಂದು ರೊಟ್ಟಿ ಕೇಳಿದ. ನಾನು ಬಡಿಸುವುದನ್ನೇ ನೋಡುತ್ತ ಹೊನ್ನಿ ಬಾಗಿಲಲ್ಲಿ ನಿಂತಳು.

"ಅತ್ತಿ, ಅವ ಸೋತು ಬಂದಾನ" ಎಂದಳು.

ಅದಕ್ಕೇನೀಗ ಎಂದೆ.

"ಸೋತ್ರೂ ಉಣ್ಣಾಕ ಕೊಡ್ತೀಯೇನು?"

ಅವಳಿಗೂ ಒಂದು ತಾಟು ಇಟ್ಟೆ.

ನೀನು ಮಗಳನ್ನು ನೋಡಲು ಬಾ, ಬೇಡ ಎನ್ನುವುದಿಲ್ಲ. ಸೀಟಿಯನ್ನು ಮನೆಯಲ್ಲೇ ಬಿಟ್ಟು ಬಾ. ಅವಳ ಪಕ್ಕದಲ್ಲಿ ಆ ಕಲ್ಲಿನ ಮೇಲೆ ಕೂತು ಮಕ್ಕಳ ಆಟ ನೋಡು. ದೇವರು ನಿನಗೆ ಒಳ್ಳೆಯದು ಮಾಡಲಿ, ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ದುರ್ಗಾದೇವಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ದಿನವಿಡೀ ನೀರು ಕುಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಕೊಟ್ಟರೆ ಹೊನ್ನಿ ಕುಡಿಯುತ್ತಾಳೆ. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ಬಾಯಲ್ಲಿದ್ದ ಗುಟುಕನ್ನೂ ಬಚ್ಚಲಿಗೆ ಹೋಗಿ ಉಗಿದು ಬರುತ್ತಾಳೆ. ಅದಕ್ಕೇ ಪತ್ರ ಬರೆದೆ. ಸ್ವಲ್ಪ ದಿನ ಫೋನ್ ಮಾಡಬೇಡಪ್ಪ.